ಟೀಕಾ, ಟಿಪ್ಪಣಿ

ಗದಗಿನ ಮುಳಗುಂದ ನಾಕಾದ ಹತ್ರ ಬೈಂಡಿಂಗ್ ಅಂಗಡಿ ನಂದು.
ಮೈದಾ ಖಳಿ, ಅದರಾಗ ಚೂರು ಮೈಲುತುತ್ತ,
ದಬ್ಬಣ, ದಾರ, ರಟ್ಟು.
ನಲವತ್ತು ವರ್ಷದಾಗ ಮತ್ತೇನೂ ಕಲ್ತಿಲ್ಲ.

ಸಾಲಿ ಸುರು ಆಗೂ ಮುಂದ ಲೈಬ್ರರಿ ಪುಸ್ತಕ ಬರ್ತಾವ
ಚೀಲದಾಗ, ದವಾಖಾನಿಗೆ ಬಂದಂಗ.
ಹುಡುಗೂರ ಕಾದಂಬರಿಗೋಳು ಭಾಳ ಜಖಂ ಆಗಿರ್ತಾವ.
ವ್ಯಾಕರಣದ ಪುಸ್ತಕಕ್ಕ ಗಾಯ ಆಗಿದ್ದು ನಾ ಎಂದೂ ನೋಡಿಲ್ಲ.

ಹೊಲಿಯೂ ಮುಂದ ಒಂದೀಟು ಓದತೀನಿ.
ಎಲ್ಲಾದ್ರಾಗೂ ಅದ ಕತಿ:
ಒಂದು ಪರದೇಸಿ ಕೂಸು, ಹೊಸಾ ಊರು,
ಯಾರೂ ಬಾಜೂಕ ಕುಂದ್ರಸಂಗಿಲ್ಲ.
ಐದನೇ ಫಾರ್ಮಿಗೆ ಹೊಳಿ ಉಕ್ಕತೈತಿ,
ಕೂಸು ಯಾರನ್ನೋ ಎಳದು ದಂಡಿಗೆ ಹಾಕತೈತಿ,
ಆರನೇದ್ದರಾಗ ಎಲ್ಲಾರೂ ಗೆಳ್ಯಾರು.

ಗದಗಿನ್ಯಾಗ ಹೊಳಿ ಎಲ್ಲಿಂದ ತರೂದ್ರಿ?
ಎಂಟು ದಿನಕ್ಕೊಮ್ಮೆ ನಳಾ ಬಂದ್ರ ಅದ ದೊಡ್ಡದು.

ನಮ್ಮ ಓಣಿ ಗೂರ್ಖಾ, ರಾತ್ರಿ ಸೀಟಿ ಊದಾಂವ,
ಅವನ ಮಗ ಟೀಕಾರಾಮ.
ನೇಪಾಳದ ಯಾವ ಗುಡ್ಡದ ಮ್ಯಾಲಿಂದೋ ಇಳದು
ಸೀದಾ ಆರನೇತ್ತಾ, ಬಿ ವರ್ಗ.
ಹಾಜರಿ ಕರ್ಯೂ ಮುಂದ ಮಾಸ್ತರು "ಟೀಕಾ" ಅಂದ್ರು,
ಹಿಂದಿನ ಬೆಂಚಿಂದ ಯಾವನೋ "ಟಿಪ್ಪಣಿ!" ಅಂದ.
ಇಡೀ ವರ್ಗ ನಕ್ಕಿತು. ಅವನೂ ನಕ್ಕ,
ಯಾಕಂತ ಗೊತ್ತಿಲ್ದ.
ಗೊತ್ತಾದ ಮ್ಯಾಲ ನಗೂದು ಬಿಟ್ಟ.

ಸಾಲಿ ಬಿಟ್ಟ ಮ್ಯಾಲ ನನ್ನ ಕಟ್ಟಿಗೆ ಬಂದು ಕುಂದ್ರತಿದ್ದ.
ಹಾಳಿ ಮಡಚಾಕ ಹಚ್ಚಿದೆ.
ಮಾತಿಲ್ಲ. ಮಡಿಕಿ ಮಾತ್ರ
ಕೂದಲೆಳಿಯಷ್ಟೂ ತಪ್ಪತಿದ್ದಿಲ್ಲ.

ನೀಲಗಂಗಾ ಬೆಟಗೇರಿ ನೇಕಾರರಾಕಿ, ಅದ ವರ್ಗದಾಕಿ.
ಟ ಅಕ್ಷರ ಬಂತಂದ್ರ ಬಾಯಾಗ ರೈಲ್ವೆ ಗೇಟ್ ಬೀಳತೈತಿ;
ಗಾಡಿ ದಾಟೂತನಕ ನಿಂದ್ರಬೇಕು, ಆಕಿನೂ, ನಾವೂ.
ಒಂದಿನ ಹರಕ ಪುಸ್ತಕ ಹಿಡಕೊಂಡು ಬಂದ್ಲು.
"ಕಾಕಾ, ಕಡೀ ಹಾಳಿ ಇಲ್ಲ ಇದರಾಗ.
ಆ ಹುಡುಗಗ ಗೆಳ್ಯಾರು ಸಿಕ್ರೋ ಇಲ್ಲೋ?"
ನನಗೇನು ಗೊತ್ತವಾ, ಅಂದೆ.
ಟೀಕಾರಾಮ ತಲಿ ಎತ್ತದ ಅಂದ:
"ಸಿಕ್ಕಿಲ್ಲ."

ಆಕಿ ಭಾಳೊತ್ತು ಅವನ್ನ ನೋಡಿದ್ಲು.
ಆಮ್ಯಾಲ ನನ್ನ ಕಡೆ ತಿರುಗಿ, ಅವನ ಹೆಸರಿನ ಅರ್ಥ ಏನು ಅಂದ್ಲು.
ಹಳೇ ಕಾವ್ಯದ ಪುಸ್ತಕೊಂದು ರಿಪೇರಿಗೆ ಬಂದಿತ್ತು, ಬಿಚ್ಚಿ ತೋರಿಸಿದೆ:
ನಡುವ ದಪ್ಪ ಅಕ್ಷರದ್ದು ಪದ್ಯ,
ಅದರ ಗಂಟು ಬಿಚ್ಚಿ ಹೇಳೂದು ಟೀಕಾ,
ಪುಟದ ಬುಡಕ ಇರಿವಿ ಸಾಲಿನಂಗ ಇರೂದು ಟಿಪ್ಪಣಿ.
"ಮತ್ತ ಬೈಗಳ ಅಲ್ಲಲ್ಲ ಇದು!"
ಅಲ್ಲವಾ.
ಗೇಟ್ ಬಿತ್ತು. ಗೂಡ್ಸ್ ಗಾಡಿ, ಐವತ್ತು ಡಬ್ಬಿ.
"ಹಂಗಾರ ಟ... ಟ... ಟಿಪ್ಪಣಿ ನಾನ.
ಹೆಂಗೂ ಗಿಡ್ಡ ಅದೀನಿ."

ಮರುದಿನ ಹಾಜರ್ಯಾಗ ಟೀಕಾ ಅಂದಕೂಡ್ಲೇ
ಮುಂದಿನ ಬೆಂಚಿಂದ ಒಂದು ಕೈ ಎದ್ದಿತಂತ.
ಗೇಟ್ ಬೀಳಲಿಲ್ಲ ಅಂತ ಹೇಳಾಕ ನನಗೂ ಆಸೆ ಐತಿ.
ಬಿತ್ತಂತ. ಎಲ್ಲಾರೂ ನಕ್ರಂತ.
ಆದ್ರ ಒಬ್ಬನ್ನ ನೋಡಿ ನಗೂದು ಬ್ಯಾರೆ,
ಇಬ್ಬರನ್ನ ನೋಡಿ ನಗೂದು ಬ್ಯಾರೆ.

ಆ ಪುಸ್ತಕದ ಕಡೀಕ ಎಂಟು ಖಾಲಿ ಹಾಳಿ ಇಟ್ಟು ಹೊಲದೆ.

ಎರಡು ವರ್ಷಕ್ಕ ಮತ್ತ ಬಂತು, ಬೆನ್ನು ಮುರಕೊಂಡು.
ಕತಿ ಮುಗಿಸಿರ್ತಾರ ಅನಕೊಂಡು ತಗದೆ.
ಕತಿ ಅಲ್ಲ, ಲೆಕ್ಕ.
ಮಂಗಳವಾರ, ಮಿರ್ಚಿ ಎರಡು, ಟೀಕಾ ಕೊಡೂದು ಐದು ರೂಪಾಯಿ.
ಶನಿವಾರ, ಗಿರಮಿಟ್ಟ, ಟಿಪ್ಪಣಿ ಕೊಡೂದು ಹತ್ತು.
ಮಳಿ ಬಂತು, ಆಟ ಇಲ್ಲ, ಯಾರೂ ಕೊಡೂದಿಲ್ಲ.
ಮೂರನೇ ಹಾಳಿಗೆ ಹೊಸಾ ಕೈಬರಹ:
ಅಲ್ಪವಿರಾಮ ಅಂತ ಯಾವನೋ,
ಕೊಡೂದು ಅರ್ಧ ಪೆನ್ಸಿಲ್ಲು.

ಒಂದೂ ಲೆಕ್ಕ ಚುಕ್ತಾ ಆಗಿಲ್ಲ, ಎಂಟೂ ಹಾಳಿ ತುಂಬ್ಯಾವ.

ನನ್ನ ಅಂಗಡ್ಯಾಗ ಬೋರ್ಡ್ ಐತಿ, ಇಂದು ನಗದು, ನಾಳೆ ಉದ್ರಿ.
ಗುರ್ತಿಲ್ಲದಾಂವಗ ಯಾರೂ ಉದ್ರಿ ಬರಕೊಳ್ಳಂಗಿಲ್ಲ;
ನಾಳಿ ಬಂದ ಬರ್ತಾನ ಅನ್ನೂ ಮಂದಿಗಷ್ಟ ಅದು.

ಹೊಸಾ ರಟ್ಟು ಹಾಕಿದೆ. ಹಾಳಿ ಸಾಲಂಗಿಲ್ಲ ಅನಸ್ತು,
ಇನ್ನೊಂದು ಫಾರ್ಮು ಕೂಡಿಸಿದೆ, ಹದಿನಾರು ಪುಟ.
ಅದರ ರೊಕ್ಕ
ಅವರ ಹೆಸರಿಗೆ ಬರದಿಟ್ಟೀನಿ.